ಕೆಂಪು ಮುಚ್ಚಳದ ಬಾಟಲಿಗಳು

ಸೋಮವಾರ ಬೆಳಿಗ್ಗೆ 10.20ಕ್ಕೆ ಠಾಣೆಗೆ ಬಂದ ಸಂಶೋಧಕಿಯ ದೂರು ಕೇಳಿ ಠಾಣಾ ಬರಹಗಾರನಿಗೆ ನಗು ತಡೆಯಲಾಗಲಿಲ್ಲ. ಆಕೆಯ ಪ್ರಯೋಗಾಲಯದಲ್ಲಿ ಬರೀ ನೀರು ಕುಡಿದ ಇಲಿಗಳಿಗೆ ಕೆಫೀನಿನ ಕಾಯಿಲೆ ಬಂದಿತ್ತು.

"ಇಲಿಗೆ ಕಾಯಿಲೆ ಬಂದ್ರೆ ಪೊಲೀಸ್ ಯಾಕಮ್ಮ?" ಎಂದರು ಇನ್ಸ್‌ಪೆಕ್ಟರ್.

"ಯಾರೋ ಬೇಕಂತಲೇ ಕುಡಿಸಿದಾರೆ ಸರ್."

ಆಕೆ ವಿವರಿಸಿದರು. ಇಪ್ಪತ್ತು ಪಂಜರ, ಪಂಜರಕ್ಕೊಂದು ಇಲಿ. ಎಡಸಾಲಿನ ಹತ್ತಕ್ಕೆ ಕೆಂಪು ಮುಚ್ಚಳದ ಬಾಟಲಿಯಲ್ಲಿ ಕೆಫೀನ್ ಬೆರೆಸಿದ ನೀರು, ಬಲಸಾಲಿನ ಹತ್ತಕ್ಕೆ ಬಿಳಿ ಮುಚ್ಚಳದ ಬಾಟಲಿಯಲ್ಲಿ ಬರೀ ನೀರು. ಮೂರು ತಿಂಗಳಾದ ಮೇಲೆ ಸಾಲಿಗೆ ಎರಡರಂತೆ ನಾಲ್ಕನ್ನು ಕೊಯ್ದು ನೋಡಿದರೆ ಎರಡೂ ಸಾಲಿನಲ್ಲಿ ರಕ್ತ ಕೆಟ್ಟಿತ್ತು, ಯಕೃತ್ತು ಊದಿತ್ತು, ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿತ್ತು. ಇನ್ನು ಹತ್ತು ದಿನಕ್ಕೆ ವರದಿ ಕೊಡಬೇಕು. ಎರಡು ಸಾಲಿಗೂ ವ್ಯತ್ಯಾಸವಿಲ್ಲ ಎಂದು ವರದಿ ಹೋದರೆ, ಮಕ್ಕಳಿಗೆಂದು ಕೆಫೀನ್ ಪಾನೀಯ ಮಾರಲು ಹೊರಟ ಕಂಪನಿಗೆ ಅನುಮತಿ ಸಿಕ್ಕಂತೆಯೇ.

ಬರಹಗಾರ ನಗು ನಿಲ್ಲಿಸಿದ. 10.55ಕ್ಕೆ ಎಫ್‌ಐಆರ್ ದಾಖಲಾಯಿತು.

ಮೊದಲ ಅನುಮಾನ ಕಂಪನಿಯ ಮೇಲೆಯೇ. ಮಂಗಳವಾರವಿಡೀ ಫೋನ್ ಕರೆ, ಗೇಟಿನ ರಿಜಿಸ್ಟರ್ ಎಲ್ಲ ಜಾಲಾಡಿದ್ದಾಯಿತು. ಬೆಟ್ಟ ಅಗೆದು ಇಲಿ ಹಿಡಿದರು ಎನ್ನೋಣವೆಂದರೆ ಇಲಿಯೂ ಸಿಗಲಿಲ್ಲ.

ಸಂಜೆ ಹೆಡ್ ಕಾನ್‌ಸ್ಟೇಬಲ್, ಮೂರು ಮಕ್ಕಳ ತಾಯಿ, ಪರೀಕ್ಷಾ ವರದಿಯ ಮೇಲೆ ಬೆರಳಿಟ್ಟರು.

"ಸರ್, ಕೆಂಪು ಸಾಲಿಗೆ ಆಗ್ಬೇಕಾದಷ್ಟು ಆಗಿಲ್ಲ. ಬಿಳಿ ಸಾಲಿಗೆ ಆಗ್ಬಾರದ್ದು ಆಗಿದೆ. ಎರಡೂ ಸಮ."

"ಅಂದ್ರೆ?"

"ಹಾಳು ಮಾಡೋರು ಬಿಳಿಯವಕ್ಕೆ ಕುಡಿಸ್ತಾರೆ, ಸರಿ. ಕೆಂಪಿನವಕ್ಕೆ ಯಾಕೆ ಕಮ್ಮಿ ಮಾಡ್ತಾರೆ? ಇದು ಮನೇಲಿ ಮಕ್ಕಳಿಗೆ ಹಂಚೋರ ಕೈ."

ಪ್ರಯೋಗಾಲಯದ ಬೀಗ ಬೆಳಿಗ್ಗೆ ಎಂಟಕ್ಕೆ ತೆಗೆದು ಸಂಜೆ ಐದೂವರೆಗೆ ಹಾಕುವವನು ಒಬ್ಬನೇ, ಪಂಜರ ತೊಳೆಯುವ ಕೆಲಸಗಾರ. ಇಪ್ಪತ್ತೆರಡು ವರ್ಷದ ಸರ್ವೀಸು, ಎಲ್ಲರ ಬಾಯಲ್ಲೂ ಇಲಿಮಾವ. ಸಂಶೋಧಕಿ ಬರುವುದು ಒಂಬತ್ತಕ್ಕೆ.

"ಅವನಾ? ಇರುವೆ ತುಳಿಯೋಕೂ ಹೆದರ್ತಾನೆ ಸರ್" ಎಂದರು ಆಕೆ.

"ಅದಕ್ಕೇ ಅನುಮಾನ" ಎಂದರು ಇನ್ಸ್‌ಪೆಕ್ಟರ್.

ಬುಧವಾರ ಬೆಳಿಗ್ಗೆ 7.30ಕ್ಕೆ ಸಂಶೋಧಕಿಯ ಬಳಿಯಿದ್ದ ಇನ್ನೊಂದು ಕೀಲಿಯಿಂದ ತೆರೆದು ನೋಡಿದರು. ಎಲ್ಲ ಸರಿಯಿತ್ತು. ಬಿಟ್ಟರೆ ಕೆಟ್ಟೆ ಎಂದು ಇನ್ಸ್‌ಪೆಕ್ಟರ್ ಗುರುವಾರ ಅದೇ ಹೊತ್ತಿಗೆ ಮತ್ತೆ ಹೋದರು. ಬಲಸಾಲಿನ ಎಂಟೂ ಪಂಜರಗಳಲ್ಲಿ ಕೆಂಪು ಮುಚ್ಚಳದ ಬಾಟಲಿಗಳಿದ್ದವು, ಎಡಸಾಲಿನಲ್ಲಿ ಬಿಳಿಯವು. ಪಂಚರ ಸಮಕ್ಷಮ ಪಂಚನಾಮೆ ಬರೆದು, ಬಾಟಲಿಗಳಿಗೆ ಸೀಲು ಹಾಕಿ ಕಾದು ಕುಳಿತರು.

ಎಂಟಕ್ಕೆ ಇಲಿಮಾವ ಬಂದ. ಖಾಕಿ ಕಂಡು ಓಡಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ನಿಂತ.

"ಬಾಟಲಿ ಬದಲಿಸಿದ್ದು ನೀನಾ?"

"ಹೌದು ಸ್ವಾಮಿ. ದಿನ ಬಿಟ್ಟು ದಿನ. ಸಂಜೆ ಬದಲಿಸಿ ಬೆಳಿಗ್ಗೆ ವಾಪಸ್ ಇಡ್ತಿದ್ದೆ."

"ಕಂಪನಿಯವರು ಹೇಳಿದ್ರಾ?"

"ಯಾವ ಕಂಪನಿ?"

"ಮತ್ಯಾಕೆ?"

"ಈ ಕಡೆಯವು ನಿದ್ದೆನೇ ಮಾಡ್ತಿರಲಿಲ್ಲ. ಸುತ್ತೋದು, ಬಾಲ ಕಚ್ಕೊಳೋದು. ಆ ಕಡೆಯವು ಹಾಯಾಗಿ ಮಲಗಿರೋವು. ಎಲ್ಲಾ ಒಡಹುಟ್ಟಿದವೇ ಅಲ್ವಾ? ಹಂಚ್ಕೊಂಡು ಕುಡಿದ್ರೆ ತಡ್ಕೊಂಡಾವು ಅಂದ್ಕೊಂಡೆ."

ಹೇಳಿಕೆಯಲ್ಲಿ ಅವನು ತನ್ನ ಅಣ್ಣನ ವಿಷಯವನ್ನೂ ಬರೆಸಿದ. ಅಪ್ಪ ತೀರಿಕೊಂಡ ಮೇಲೆ ಹನ್ನೆರಡು ವರ್ಷದ ಅಣ್ಣ ಕಲ್ಲು ಕ್ವಾರಿ ಸೇರಿ ಇವನನ್ನು ಶಾಲೆಗೆ ಕಳಿಸಿದ್ದ. ಮೂವತ್ತು ತುಂಬುವ ಮೊದಲೇ ಕೆಮ್ಮಿ ಕೆಮ್ಮಿ ಸತ್ತ.

"ಅರ್ಧ ನಾನು ಹೊತ್ತಿದ್ರೆ ಇಬ್ರೂ ಇರ್ತಿದ್ವಿ ಮೇಡಂ."

ಹೆಡ್ ಕಾನ್‌ಸ್ಟೇಬಲ್ ಒಂದಕ್ಷರ ಬಿಡದೆ ಬರೆದುಕೊಂಡು ಸಹಿ ಹಾಕಿಸಿದರು. 9.10ಕ್ಕೆ ಬಂಧನವಾಯಿತು.

ಹೊರಡುವಾಗ ಅವನು ಸಂಶೋಧಕಿಯತ್ತ ತಿರುಗಿದ. "ಇವನ್ನ ಏನ್ ಮಾಡ್ತೀರಿ ಮೇಡಂ?"

"ಇವು ಇನ್ನು ಪ್ರಯೋಗಕ್ಕೆ ಬರಲ್ಲ ಮಾವ. ಉಳಿಸ್ಕೊಳೋ ಹಾಗೂ ಇಲ್ಲ. ವರದಿಗೆ ಇನ್ನಷ್ಟು ಸಮಯ ಬೇಕು ಅಂತ ನಿನ್ನೆ ಕೇಳಿದೆ, ನಾಲ್ಕು ತಿಂಗಳು ಕೊಟ್ಟಿದಾರೆ. ಮೊದಲಿಂದ ಶುರು ಮಾಡ್ಬೇಕು."

"ಮೊದಲಿಂದ ಅಂದ್ರೆ?"

"ಹೊಸದಾಗಿ ಇಪ್ಪತ್ತು ಇಲಿ."

ಅಷ್ಟು ಹೊತ್ತೂ ನಿಂತೇ ಉತ್ತರ ಕೊಟ್ಟಿದ್ದ ಇಲಿಮಾವ ಪಂಜರಗಳ ನಡುವೆ ನೆಲಕ್ಕೆ ಕುಸಿದು ಕುಳಿತ. ಜೀಪು ಹೊರಗೆ ಕಾಯುತ್ತಿತ್ತು. ಇನ್ಸ್‌ಪೆಕ್ಟರ್ ಅವಸರ ಮಾಡಲಿಲ್ಲ.