ಭಾವನ ತೋಳಿನ ಪಟ್ಟಿ

"ಯಾಕೆ ಬಂದ್ರಿ?"

ಬಾಗಿಲು ತೆರೆದವಳ ಬಾಯಿಂದ ಬಂದದ್ದು ಅಷ್ಟೇ. ಗಂಡನ ಮುಖ ನೋಡಿ ಎರಡು ತಿಂಗಳಾಗಿತ್ತು!

"ಸಡಿಲವಾದ ಎರಡು ಅಂಗಿ ಹೊಲ್ಕೊಂಡು ಬಂದೆ. ಅಳತೆ ಅಂದಾಜಿಂದು..." ಎಂದ ಟೈಲರ್ ಗಂಡ, ಹೊಸ್ತಿಲಾಚೆಯೇ ನಿಂತು.

ಎಂಟು ವರ್ಷ ಕಾದು, ಮೂರನೇ ಸಲದ ಐವಿಎಫ್‌ನಲ್ಲಿ ನಿಂತ ಬಸಿರು. "ಇಂಥ ಬಸಿರಲ್ಲಿ ಬಿಪಿ ಏರೋ ಸಂಭವ ಜಾಸ್ತಿ. ಏರಿದ್ರೆ ತಾಯಿ, ಮಗು ಇಬ್ಬರಿಗೂ ಅಪಾಯ. ಮಲಗೋ ಮುಂಚೆ ಈ ಚಿಕ್ಕ ಆಸ್ಪಿರಿನ್ ಮಾತ್ರೆ ತಪ್ಪಿಸ್ಬೇಡಿ. ದಿನಾ ಬಿಪಿ ನೋಡ್ಕೊಳ್ಳಿ" ಎಂದಿದ್ದರು ಡಾಕ್ಟರಮ್ಮ.

ಹೊರಗೆ ಬಂದವನೇ ಈ ಮಹಾರಾಯ ಹೇಳಿದ್ದೇನು? "ಇಷ್ಟೆಲ್ಲ ಇದೆ ಅಂತ ಗೊತ್ತಿದ್ರೆ ಮಗುವೇ ಬೇಡ ಅಂತಿದ್ದೆ."

ಮಗುವೇ ಬೇಡ...! ಅವಳು ಅಂದೇ ಅಕ್ಕನ ಮನೆ ಸೇರಿದಳು.

ಆಮೇಲೆ ಉಳಿದದ್ದು ದಿನಕ್ಕೊಂದು ಮೆಸೇಜ್. ಅವಳು ಬಿಪಿ ಬರೆದು ಕಳಿಸುವಳು, ಅವನು "ಸರಿ" ಅನ್ನುವನು. ಅದಕ್ಕಿಂತ ಒಂದಕ್ಷರ ಹೆಚ್ಚಿಲ್ಲ! ಆ 'ಸರಿ' ಕಂಡಾಗಲೆಲ್ಲ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

"ಮುಖ ಯಾಕೆ ಇಷ್ಟು ಊದಿದೆ?" ಎಂದ ಈಗ, ಒಳಗೆ ಬರುತ್ತ.

"ಬಸುರಿ ಮುಖ ಇನ್ನು ಹೇಗಿರುತ್ತೆ? ಒಂಚೂರು ತಲೆನೋವು, ಅಷ್ಟೇ. ಬಿಪಿ ಚೆನ್ನಾಗೇ ಇದೆ. ಬೇಕಿದ್ರೆ ನೋಡಿ!"

ಹಟಕ್ಕೆ ಬಿದ್ದು ಭಾವನ ಬಿಪಿ ಮಷೀನ್ ತಂದು ತೋಳಿಗೆ ಪಟ್ಟಿ ಸುತ್ತಿಕೊಂಡಳು. ಗುಂಡಿ ಒತ್ತುವ ಮೊದಲೇ ಅವನ ಕೈ ಅಡ್ಡ ಬಂತು. ಇಪ್ಪತ್ತು ವರ್ಷ ತೋಳುಗಳ ಅಳತೆ ತೆಗೆದ ಕಣ್ಣು ಅವನದು.

"ಇದು ಯಾರ ಅಳತೆದು?"

"ಭಾವಂದು."

"ಭಾವನ ತೋಳು ಹದಿನಾರು ಇಂಚು, ನಿಂದು ಹತ್ತು! ಅವರ ಅಂಗಿ ನಿನಗಾಗುತ್ತೇನೆ? ಏಳು, ಆಸ್ಪತ್ರೆಗೆ ಹೋಗೋಣ!"

ಅಲ್ಲಿ ನರ್ಸ್ ಚಿಕ್ಕ ಪಟ್ಟಿ ಸುತ್ತಿದರು. ನೂರ ಐವತ್ತಾರು, ನೂರ ನಾಲ್ಕು.

"ಪಟ್ಟಿ ದೊಡ್ಡದಾದ್ರೆ ಇರೋದಕ್ಕಿಂತ ಕಡಿಮೆ ತೋರಿಸುತ್ತೆ. ಮಗುವಿನ ಎದೆಬಡಿತ ಚೆನ್ನಾಗಿದೆ. ಇನ್ನೊಂದು ವಾರ ಬಿಟ್ಟಿದ್ರೆ..." ಡಾಕ್ಟರಮ್ಮ ಮಾತು ಮುಗಿಸದೆ ದಾಖಲು ಮಾಡಿಕೊಂಡರು.

ಅವನು ಮಂಚದ ಪಕ್ಕ ಕುಸಿದು ಕೂತ. "ಸುಳ್ಳು ಅಂಕಿಗೆ ದಿನಾ 'ಸರಿ' ಅಂದೆನಲ್ಲೇ..."

"ಬೇರೆ ಏನಾದ್ರೂ ಬರೀಬಹುದಿತ್ತಲ್ಲ!"

"ಬರೆದು ಬರೆದು ಅಳಿಸ್ತಿದ್ದೆ. ಬಾಯಿ ತೆಗೆದ್ರೆ ಎಡವಟ್ಟು ಮಾಡೋನು ನಾನು."

"ಮಗುವೇ ಬೇಡ ಅಂದ್ರಲ್ಲ..."

"ಅವತ್ತು... ನೀನಿಲ್ಲದ ಮನೇಲಿ ನಾನೊಬ್ಬನೇ ಮಗು ಎತ್ಕೊಂಡು ನಿಂತ ಹಾಗೆ ಕಂಡುಬಿಡ್ತು ಕಣೇ. ಹೆದರಿಬಿಟ್ಟೆ."

ಅವಳು ಬಿಕ್ಕಿದಳು. ಆದರೂ ಸಿಟ್ಟು ಇಳಿಯಲಿಲ್ಲ. "ಇಷ್ಟನ್ನ ಅವತ್ತೇ ಹೇಳಿದ್ದಿದ್ರೆ ನಾನು ಮನೆ ಬಿಡ್ತಿರ್ಲಿಲ್ಲ, ಭಾವನ ಪಟ್ಟಿ ಸುತ್ಕೊಳ್ತಿರ್ಲಿಲ್ಲ."

"ಹೌದು."

ಮೂರನೇ ಬೆಳಿಗ್ಗೆ ಅವನು ಹೊಸ ಮಷೀನ್ ತಂದ. ಪಟ್ಟಿ ತಾನೇ ಸುತ್ತಿ, ಹದ ನೋಡಿದ. "ನೂರ ಮೂವತ್ತೆಂಟು, ಎಂಬತ್ತೆಂಟು. ಇಳಿದಿದೆ! ಇನ್ಮೇಲೆ ದಿನಾ ನಾನೇ ನೋಡ್ತೀನಿ. ಬೇಡ ಅನ್ಬೇಡ."

ಅವಳು ಮುಖ ಗೋಡೆಗೆ ತಿರುಗಿಸಿದಳು. ಪಟ್ಟಿ ಬಿಚ್ಚಿದ ಮೇಲೂ ಕೈ ಮಾತ್ರ ಅವನ ಕೈಯಲ್ಲೇ ಇತ್ತು.

"ಸರಿ."

"ಅಷ್ಟೇನಾ?"

"ಎರಡು ತಿಂಗಳು ನೀವು ನನಗೆ ಅಷ್ಟೇ ಕೊಟ್ರಿ. ಈಗ ಇಟ್ಕೊಳ್ಳಿ."