ಮೂರಡಿ ದೂರದ ಪರದೆ

"ಹಾಂಗಾರೆ ನಿಮ್ಗೆ ಅದ್ ಬ್ಯಾಡ. ಇದ್ ಸಾಕ್."

ಅಂಗಡಿಯವನು ಹೇಳಿದ್ದು ಇಷ್ಟೇ. ಶ್ರೀಲತಾಳ ಕಿವಿ ಬಿಸಿಯಾಯಿತು.

ತಲ್ಲೂರಿನ ಹೆದ್ದಾರಿ ಬದಿಯ ಆ ಮೊಬೈಲ್ ಅಂಗಡಿಗೆ ಅವಳು ಬಂದದ್ದು ತಾಯಿ ಪದ್ದುವಿಗೊಂದು ಫೋನ್ ಕೊಳ್ಳಲು. ಗಾಜಿನ ಮೇಜಿನ ಮೇಲೆ ಒಂದೇ ದರದ ಎರಡು ಫೋನುಗಳಿದ್ದವು. ಒಂದು ಚಿಕ್ಕದು, ಅಕ್ಷರಗಳು ಕೆತ್ತಿದ ಹಾಗೆ. ಇನ್ನೊಂದು ಅಂಗೈಗಿಂತ ದೊಡ್ಡದು. ಆದರೆ ಮುಖ ಹತ್ತಿರ ಒಯ್ದು ನೋಡಿದರೆ ಅಕ್ಷರದ ಅಂಚು ಒಂಚೂರು ಒರಟು.

ಅವಳು ತಿಳಿಯದೆ ಬಂದವಳಲ್ಲ. ಒಂದು ವಾರ ಕೂತು ವಿಡಿಯೋ ನೋಡಿದ್ದಳು. ಎಲ್ಲರದೂ ಒಂದೇ ಮಾತು: ಪರದೆಯ ನುಣುಪು, ಅಂದರೆ ರೆಸಲ್ಯೂಶನ್, ಕಡಿಮೆ ಇರುವುದನ್ನು ಮುಟ್ಟಲೇಬೇಡಿ.

"ದೊಡ್ಡದ್ರಗೆ ರೆಸಲ್ಯೂಶನ್ ಕಮ್ಮಿ ಅಲ್ದಾ?" ಎಂದು ಅವಳು ಕೇಳಿದ್ದಕ್ಕೆ ಅವನು ಮುಚ್ಚುಮರೆಯಿಲ್ಲದೆ ಹೌದೆಂದಿದ್ದ. "ಅದೇ ದರಕ್ಕೆ ಪರದೆ ದೊಡ್ಡದ್, ಬ್ಯಾಟ್ರಿ ದೊಡ್ಡದ್. ಎಲ್ಲ ಒಂದ್ರಗೇ ಸಿಕ್ಕುದಿಲ್ಲೆ. ಫೋನ್ ಯಾರಿಗೆ?"

"ಅಮ್ಮಂಗೆ. ಗಂಗೊಳ್ಳಿ ಮಾರ್ಕೆಟಂಗೆ ಮೀನ್ ಮಾರ್ತ್ರ್."

ಆಗ ದೊಡ್ಡ ಫೋನನ್ನು ಮುಂದೆ ಸರಿಸಿ ಅವನು ಹೇಳಿದ್ದು ಆ ಮಾತು. ಇದ್ ಸಾಕ್!

"ಎಂತಕ್ಕೆ ಸಾಕ್?" ಶ್ರೀಲತಾಳ ದನಿ ಏರಿತು. "ಮೀನ್ ಮಾರೋರಿಗೆ ಒರಟ್ ಕಂಡ್ರೂ ಸಾಕ್ ಅಂದೇಳಿಯಾ?"

"ಹಾಂಗಲ್ಲ ಮಾರಾಯ್ರೆ, ನಾನ್ ಹೇಳಿದ್ದ್..."

"ನೀವ್ ಹೇಳಿದ್ದ್ ಕೇಂಡಿತ್ತ್. ಚಿಕ್ಕದ್ ಕಟ್ಟಿ."

ಅವನು ಕಟ್ಟಿಕೊಟ್ಟ. ಬಿಲ್ಲಿನ ಕೆಳಗೆ ರಾಘವೇಂದ್ರ ಎಂದು ಸಹಿ ಇತ್ತು. 'ಸಹಿ ಮಾತ್ರ ದೊಡ್ಡದು' ಅಂದುಕೊಂಡಳು.

* * *

ಪದ್ದುವಿನ ಅರ್ಧ ವ್ಯಾಪಾರ ಆ ಫೋನಿನ ಮೇಲೆಯೇ ನಿಂತಿತ್ತು. ಬ್ರಹ್ಮಾವರದ ಒಂದು ಹೋಟೆಲಿನಿಂದ ದಿನಾ ಬೆಳಿಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ಬರುತ್ತಿತ್ತು. ಅದನ್ನು ಓದಿ, ಮೀನು ಕಟ್ಟಿ, ಎಂಟು ಗಂಟೆಯ ಬಸ್ಸಿಗೆ ಹಾಕಬೇಕು. ಹಳೆಯ ಫೋನಿನಲ್ಲಿ ಅಕ್ಷರ ಕಾಣದೆ ಅವಳು ಆಗಲೇ ಒಮ್ಮೆ ತಪ್ಪಿದ್ದಳು. ವಾಯ್ಸ್ ಮೆಸೇಜು ಹರಾಜಿನ ಗದ್ದಲದಲ್ಲಿ ಯಾರಿಗೂ ಕೇಳಿಸುವುದಿಲ್ಲ.

ಹೊಸ ಫೋನಿನಲ್ಲಿ ಶ್ರೀಲತಾ ಅಕ್ಷರವನ್ನು ಆದಷ್ಟು ದೊಡ್ಡದು ಮಾಡಿಕೊಟ್ಟಳು. ಐದನೆಯ ದಿನ ಹೋಟೆಲಿನ ಮೆಸೇಜು ಬಂತು. ಪರದೆಯಲ್ಲಿ ಹಿಡಿದದ್ದು ಮೂರೇ ಸಾಲು. ಅಂಜಲ್ ಆರು ಕೆಜಿ. ಬಂಗುಡೆ ಹತ್ತು. ಸಿಗಡಿ ಎಂಟು.

ನಾಲ್ಕನೆಯ ಸಾಲು ಕೆಳಗೆ ಅಡಗಿತ್ತು. ಸಿಗಡಿ ನಾಳೆಗೆ, ಇವತ್ತು ಬೇಡ.

ಪದ್ದುವಿನ ಕೈ ಮಧ್ಯಾಹ್ನದವರೆಗೆ ಮೀನಿನ ನೀರಲ್ಲೇ ಇರುತ್ತದೆ. ಆ ಕೈಯಲ್ಲಿ ಪರದೆ ಸರಿಸಲು ಆಗುವುದಿಲ್ಲ, ಸರಿಸಬೇಕೆಂದು ಅವಳಿಗೆ ಹೊಳೆಯಲೂ ಇಲ್ಲ. ಸಿಗಡಿ ಬಸ್ಸು ಹತ್ತಿತು. ಸಂಜೆ ವಾಸನೆ ಹೊಡೆಯುತ್ತ ಹಿಂದೆ ಬಂತು.

"ಪದ್ದಕ್ಕ," ಹೋಟೆಲಿನ ರಾಜೇಂದ್ರ ಫೋನಿನಲ್ಲಿ ಹೇಳಿದ, "ಇನ್ನೊಂದ್ ಸಲ ಹೀಂಗಾದ್ರೆ ನಾನ್ ಬೇರೆಯವ್ರ ಹತ್ರ ತರ್ಸ್ತೆ. ಬೇಜಾರ್ ಮಾಡ್ಕಂಬ್ಯಾಡಿ."

ಪದ್ದು ಕೈ ತೊಳೆದು, ಫೋನನ್ನು ಸೆರಗಿನಲ್ಲಿ ಒರೆಸಿ ಮಗಳ ಮುಂದಿಟ್ಟಳು. "ಹೆಣೆ, ಫೋನ್ ಚಂದ ಇತ್ತ್. ನಂಗೆ ಬ್ಯಾಡ."

ಶ್ರೀಲತಾಳಿಗೆ ಅಳು ಬರಲಿಲ್ಲ. ಸಿಟ್ಟು ಬಂತು. ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ.

* * *

"ಅಮ್ಮ ಫೋನ್ ಎಲ್ಲಿ ಇಡ್ತ್ರ್?" ಅಂಗಡಿಗೆ ಮತ್ತೆ ಬಂದ ಶ್ರೀಲತಾ ಹೇಳಿದ್ದೆಲ್ಲ ಕೇಳಿದ ಮೇಲೆ, ರಾಘವೇಂದ್ರ ವಿಚಾರಿಸಿದ.

"ಪ್ಲಾಸ್ಟಿಕ್ ತೊಟ್ಟೆಯಂಗೆ ಹಾಕಿ, ಐಸ್ ಪೆಟ್ಗಿಗೆ ಒರಗ್ಸಿ ಇಡ್ತ್ರ್."

"ಅವ್ರ್ ಕೂಕಂಬುದ್ ಎಲ್ಲಿ? ಎಷ್ಟ್ ದೂರ?"

ಅವಳಿಗೆ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಕಂಡ ಜಾಗ, ಅಳೆದವರು ಯಾರು? "ಅಷ್ಟ್ ಬೇಕಾರೆ ನೀವೇ ಬಂದ್ ಕಾಣಿ!" ಎಂದು ಹಂಗಿಸಿ ಹೊರಟಳು.

ಮಾರನೆಯ ಬೆಳಿಗ್ಗೆ ಅವನು ನಿಜವಾಗಿಯೂ ಬಂದ. ಕೈಯಲ್ಲಿ ಆ ದೊಡ್ಡ ಫೋನು, ಕಿಸೆಯಲ್ಲಿ ಅಳತೆ ಟೇಪು.

"ಹ್ವಾಯ್ ಪದ್ದಕ್ಕ!" ಪಕ್ಕದಲ್ಲಿ ಬಂಗುಡೆ ಮಾರುತ್ತಿದ್ದ ದಿವ್ಯಾ ಕೂಗಿದಳು. "ಹೊಸ ಮೀನ್ ಎಲ್ಲಿಂದ ಬಂತ್? ತಾಜಾ ಇತ್ತಾ ಇಲ್ಯಾ, ಕಿವಿರ್ ಎತ್ತಿ ಕಾಣಿ!"

ಸಾಲಿಗೆ ಸಾಲೇ ನಕ್ಕಿತು. ರಾಘವೇಂದ್ರ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಪದ್ದುವಿನ ಮಣೆಯ ಮೇಲೆ ಕೂತು, ಕಣ್ಣಿನಿಂದ ಐಸ್ ಪೆಟ್ಟಿಗೆಯವರೆಗೆ ಟೇಪು ಹಿಡಿದ. ಸರಿಯಾಗಿ ಮೂರಡಿ.

ಎರಡು ಫೋನುಗಳಲ್ಲೂ ಒಂದೇ ಮೆಸೇಜು, ಒಂದೇ ಅಳತೆಯ ಅಕ್ಷರ. ಅವನ್ನು ಪೆಟ್ಟಿಗೆಗೆ ಒರಗಿಸಿ, ಪಕ್ಕದಲ್ಲಿ ನಿಂತಿದ್ದ ಶ್ರೀಲತಾಳನ್ನು ಮಣೆಯ ಮೇಲೆ ಕೂರಿಸಿದ. "ಯಾವ್ದ್ ಒರಟ್ ಕಾಂತ್ತ್, ಹೇಳಿ."

ಅವಳು ದಿಟ್ಟಿಸಿದಳು. ಕಣ್ಣು ಕಿರಿದು ಮಾಡಿದಳು. ಮೂರಡಿ ದೂರದಿಂದ ಅಂಚು ಕಾಣಲೇ ಇಲ್ಲ. ಕಂಡದ್ದು ಒಂದೇ ವ್ಯತ್ಯಾಸ. ದೊಡ್ಡದರಲ್ಲಿ ಮೆಸೇಜು ಪೂರ್ತಿ ಇತ್ತು, ನಾಲ್ಕನೆಯ ಸಾಲಿನೊಂದಿಗೆ.

'ಅವತ್ತು ನಾನು ಮುಖ ಅಂಟಿಸಿ ನೋಡಿದೆ... ಅಮ್ಮ ಹಾಗೆ ನೋಡುವುದೇ ಇಲ್ಲವಲ್ಲ!'

"ಸಾಕ್ ಅಂದದ್ದ್ ಇದಕ್ಕೆ," ಅವನು ಮೆಲ್ಲಗೆ ಹೇಳಿ, ತನ್ನ ಕಿಸೆಯಿಂದ ಮೂಲೆಯೊಡೆದ ಒಂದು ಫೋನು ತೆಗೆದ. ಅದೇ ದೊಡ್ಡ ಜಾತಿಯ, ಅದೇ ಒರಟು ಅಂಚಿನ ಫೋನು. "ನಾನೂ ಇದೇ ಹಿಡ್ಕಂಡ್ ಎರಡ್ ವರ್ಷ ಆಯ್ತ್. ಅಮ್ಮನ ಕೆಲ್ಸ ಕೀಳ್ ಅಂದೇಳಿ ಹೇಳಿದ್ದಲ್ಲ."

ಅವಳ ತಲೆ ತಗ್ಗಿತು. ಅಷ್ಟರಲ್ಲಿ ತಗಡಿನ ಸಂದಿಯಿಂದ ಬಿಸಿಲು ಐಸ್ ಪೆಟ್ಟಿಗೆಯ ಮೇಲೆ ಬಿತ್ತು.

ಪದ್ದು ಬಗ್ಗಿ ನೋಡಿ ಗೊಳ್ಳೆಂದು ನಕ್ಕಳು. "ಇದ್ರಗೆ ನನ್ ಮೋರೆಯೇ ಕಾಂತ್ತಲ್ಲ ಮಗಾ! ಮೆಸೇಜ್ ಎಲ್ಲಿ?"

ದೊಡ್ಡ ಪರದೆ ಬಿಸಿಲಿಗೆ ಮಂಕಾಗಿ ಕನ್ನಡಿಯಾಗಿತ್ತು. ದಿವ್ಯಾ ಮತ್ತೇನೋ ಹೇಳಲು ಬಾಯಿ ತೆರೆದಳು. ಅದಕ್ಕೂ ಮೊದಲೇ ಅವನೆಂದ: "ಹೌದ್. ನಂದೂ ತಪ್ಪ್. ಟ್ಯೂಬ್‌ಲೈಟಿನ ಅಡಿ ಕೂಕಂಡ್ ಹೇಳ್ದೆ. ಇಲ್ಲಿಗೆ ಬಂದ್ ಕಂಡ್ ಹೇಳ್ಕಿತ್ತ್."

ಶ್ರೀಲತಾ ಅವನನ್ನು ಮೊದಲ ಸಲ ಸರಿಯಾಗಿ ನೋಡಿದಳು. ಇಷ್ಟು ಜನರ ಎದುರು, ಇಷ್ಟು ಬೇಗ ತಪ್ಪು ಒಪ್ಪಿದ ಗಂಡಸನ್ನು ಅವಳು ಅದುವರೆಗೆ ಕಂಡಿರಲಿಲ್ಲ.

ಮೂರು ದಿನ ಬಿಟ್ಟು ಅವನು ಮೂರನೆಯ ಫೋನು ತಂದ. ಅಷ್ಟೇ ದೊಡ್ಡದು, ಅಷ್ಟೇ ಒರಟು, ಆದರೆ ಬಿಸಿಲಿಗೆ ಮಣಿಯದ ಬೆಳಕು. ಅದಕ್ಕೆ ಬದಲಾಗಿ ಮೊದಲ ಚಿಕ್ಕ ಫೋನನ್ನು ತಾನೇ ವಾಪಸು ತೆಗೆದುಕೊಂಡ. ಬೆಳಿಗ್ಗೆಯಿಂದ ಪರದೆ ಉರಿಸಿಟ್ಟರೂ ಮಧ್ಯಾಹ್ನ ಬ್ಯಾಟರಿ ಅರ್ಧಕ್ಕಿಂತ ಹೆಚ್ಚೇ ಉಳಿಯಿತು.

"ಅಡ್ಡಿಲ್ಲೆ," ಅಂದಳು ಪದ್ದು.

ಕುಂದಾಪುರದ ಕಡೆ ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

* * *

ಹೋಟೆಲಿನ ಆರ್ಡರ್ ಉಳಿಯಿತು. ಆಮೇಲೆ ಹದಿನೈದು ದಿನ, ಸೆಟ್ಟಿಂಗ್ ಸರಿ ಮಾಡುವ ನೆವದಲ್ಲಿ ರಾಘವೇಂದ್ರ ನಾಲ್ಕು ಸಲ ಬಂದ. ಶ್ರೀಲತಾ ಬಿಲ್ಲು ಬರೆಯುವ ಐಸ್ ಪ್ಲಾಂಟು ಮಾರುಕಟ್ಟೆಯ ಹಿಂದೆಯೇ. ನಾಲ್ಕು ಸಲವೂ ಅವಳಿಗೆ ಮಾರುಕಟ್ಟೆಯಲ್ಲಿ ಏನೋ ಕೆಲಸ ಬಿತ್ತು. ಅವನು ಅಕ್ಷರ ದೊಡ್ಡದು ಮಾಡುತ್ತಿದ್ದ. ಅವಳು ಅವನ ಬೆರಳು ನೋಡುತ್ತಿದ್ದಳು.

ಆಮೇಲೆ ಅವನು ಬರಲಿಲ್ಲ. ಒಂದು ವಾರ, ಎರಡು ವಾರ, ಮೂರು ವಾರ...

'ಸರಿ ಬಿಡು. ಫೋನು ಮಾರಿಯಾಯಿತು, ಕೆಲಸ ಮುಗಿಯಿತು' ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡಷ್ಟು ಸಲವೂ ಅದು ಸುಳ್ಳೆಂದು ಗೊತ್ತಾಗುತ್ತಿತ್ತು.

ನಾಲ್ಕನೆಯ ವಾರದ ಸೋಮವಾರ, ಐಸ್ ಪ್ಲಾಂಟಿನ ಮೇಜಿನ ಮುಂದೆ ಅವನು ನಿಂತಿದ್ದ.

"ಎಂತ ಬೇಕಿತ್ತ್?" ಶ್ರೀಲತಾ ಬಿಲ್ಲಿನ ಪುಸ್ತಕ ತೆರೆದು ಗಟ್ಟಿ ದನಿಯಲ್ಲಿ ಕೇಳಿದಳು.

"ಐಸ್."

"ಎಷ್ಟ್ ಬ್ಲಾಕ್?"

"ಒಂದ್."

ಅವನು ಬಂದದ್ದು ಸ್ಕೂಟರಿನಲ್ಲಿ. ಒಂದು ಬ್ಲಾಕನ್ನು ಎತ್ತಲು ಇಬ್ಬರು ಬೇಕು. ಶ್ರೀಲತಾ ಪೆನ್ನು ಕೆಳಗಿಟ್ಟಳು.

"ನಿಮ್ಗೆ ಐಸ್ ಬ್ಯಾಡ."

"ಎಂತಕ್ಕೆ ಅಂದೇಳಿ ಕೇಣದೇ ಬ್ಯಾಡ ಅಂಬುದಾ?"

"ನಿಮ್ಮ ಅಂಗಡಿಯಂಗೇ ಕಲ್ತದ್ದ್."

ಅವನು ನಕ್ಕ. ಆಮೇಲೆ ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟ.

"ಅಮ್ಮನ ಫೋನ್ ಒಂದ್ಸಲ ಆದ್ರೂ ಹಾಳಾತ್ತ್ ಅಂದೇಳಿ ಕಾದೆ," ಅಂದ. "ಅದ್ ಹಾಳಾಪ ಜಾತಿ ಅಲ್ಲ. ಬಪ್ಪುಕೆ ನೆವ ಇಲ್ದೇ ಹೋಯ್ತ್. ಅದ್ಕೆ ಈಗ ಸಮಾ ಕೇಂತೆ. ನಿಮ್ಮನ್ನ ಮದ್ವಿ ಆಯ್ಕ್ ಅಂದೇಳಿ ಇತ್ತ್. ನಿಮ್ಗೆ ಎಂತ ಬೇಕ್, ಹೇಳಿ. ಈ ಸಲ ನಾನ್ ಮೊದ್ಲೇ ಸಾಕ್, ಬ್ಯಾಡ ಅಂಬುದಿಲ್ಲೆ."

'ನಾನೂ ಎರಡು ಸಲ ಆ ಫೋನನ್ನು ಕೆಳಗೆ ಬೀಳಿಸೋಣ ಅಂದುಕೊಂಡೆ' ಎನ್ನುವುದು ನಾಲಿಗೆಯ ತುದಿಗೆ ಬಂತು. ಶ್ರೀಲತಾ ಅದನ್ನು ನುಂಗಿದಳು.

"ನಾನ್ ಈ ಕೆಲ್ಸ ಬಿಡುದಿಲ್ಲೆ. ಅಮ್ಮ ಮೀನ್ ಬಿಡುದಿಲ್ಲೆ. ನಿಮ್ಮನಿಯಂಗೆ ಇದ್ ಗೊತ್ತಾ?"

"ಹೇಳಿ ಆಯ್ತ್. ನನ್ ಅಮ್ಮ ನಾಕ್ ದಿನ ಮಾತಾಡ್ಲಿಲ್ಲೆ."

"ಐದ್ನೇ ದಿನ?"

"ಅಂಜಲ್ ಕಮ್ಮಿಗೆ ಸಿಕ್ಕತ್ತಾ ಕೇಂಡ್ರ್."

ತಡೆಯಲಾಗದೆ ಶ್ರೀಲತಾ ನಕ್ಕುಬಿಟ್ಟಳು. ಕಣ್ಣಿನಲ್ಲಿ ನೀರೂ ಬಂತು. ಮೂರು ವಾರ ತಡೆದದ್ದು ಈಗೇಕೆ ಬಂತೋ!

"ನಂದೂ ಹೇಳ್ತೆ," ಅಂದ ಅವನು. "ಅಂಗಡಿ ಬಾಡ್ಗಿದ್. ಉಳಿತಾಯ ಅಷ್ಟಕ್ಕಷ್ಟೇ. ಮೋರೆ... ಕಂಡಿದ್ರಿ ಅಲ್ದಾ, ಸಾಧಾರಣ."

"ಮೂರಡಿಯಿಂದ ಕಂಡದ್ದ್."

"ಹತ್ರದಿಂದ?"

ಶ್ರೀಲತಾ ಎದ್ದು ಮೇಜು ಸುತ್ತಿ ಬಂದು ಅವನೆದುರು ನಿಂತಳು. ಒಂದು ಗೇಣಿನ ದೂರ. ಕೆನ್ನೆಯ ಮೇಲೆ ಹಳೆಯ ಮೊಡವೆಯ ಗುಳಿಗಳು. ಗಲ್ಲದಲ್ಲಿ ಬೆಳಿಗ್ಗೆ ಕ್ಷೌರ ಮಾಡುವಾಗ ಬ್ಲೇಡು ತಾಗಿದ ಗೆರೆ. ಹರಾಜಿನಲ್ಲಿ ಮೀನು ನೋಡುವಷ್ಟೇ ನಿಧಾನವಾಗಿ, ಒಂದನ್ನೂ ಬಿಡದೆ ನೋಡಿದಳು. ಅವನು ಉಸಿರು ಬಿಗಿಹಿಡಿದು ನಿಂತಿದ್ದ.

"ಹೇಳಿ ಮಾರಾಯ್ರೆ... ಹೇಂಗಿತ್ತ್?"

"ಅಡ್ಡಿಲ್ಲೆ," ಅಂದಳು ಶ್ರೀಲತಾ.