ಆಸ್ಪತ್ರೆಗೆ ಕಟ್ಟಿದ ಗಂಟು

ಸಂತೆ ಮುಗಿಸಿಕೊಂಡು ಕೊಂಡಪ್ಪ ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ನಡುಮನೆಯಲ್ಲಿ ಹೆಂಡತಿ ಕದಿರಮ್ಮ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ತನ್ನ ಸೀರೆಗಳನ್ನು ಒಂದೊಂದಾಗಿ ಮಡಿಸಿ ಗಂಟಿಗೆ ಸೇರಿಸುತ್ತಿದ್ದಳು.

ಅವನು ನೇರ ಗಂಟಿನ ಬಳಿಗೇ ಬಂದ.

ಹಿಂದಿನ ದಿನ ಅವಳ ಮೇಲೆ ರೇಗಿದ್ದ. ಒಂಬತ್ತನೇ ತಿಂಗಳ ಬಸುರಿ, ಹೇಳದೆ ಕೇಳದೆ ಬೆಳಿಗ್ಗೆ ಹೋದವಳು ಸಂಜೆಗೆ ಬಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಎಲ್ಲಿಗೆ ಹೋಗಿದ್ದೆ ಅಂದರೆ ಬಾಯಿ ಬಿಟ್ಟಿರಲಿಲ್ಲ. ಈಗ ನೋಡಿದರೆ ಗಂಟು.

"ಉದ್ದನಪಲ್ಲಿಗೆ ಹೊಂಟ್ಯಾ?" ಎಂದ. ಅದು ಅವಳ ತವರು.

"ಅಲ್ಲಿಗ್ಯಾಕೆ ಹೋಗ್ಲಿ? ಅಪ್ಪ ಅವ್ವ ಇಲ್ದಿರೋ ಮನೆ."

"ಮತ್ತೆ ಈ ಗಂಟು?"

ಅವಳು ಓರೆಗಣ್ಣಲ್ಲಿ ಅವನನ್ನು ನೋಡಿದಳು. ತುಟಿ ಬಿಗಿಹಿಡಿದರೂ ನಗು ಕೆನ್ನೆಯ ಗುಳಿಯಲ್ಲಿ ಇಣುಕಿತು. "ಹೆದ್ರಿಕೊಂಡ್ಯಾ ಬಾವ?"

"ನಾನ್ಯಾಕೆ ಹೆದ್ರಲಿ?"

"ಹಂಗಾರೆ ಚಪ್ಲಿ ಬಿಟ್ಟು ಬಾ. ಹಾಕ್ಕೊಂಡೇ ನಡುಮನೆಗೆ ಬಂದ್ಬುಟ್ಟಿದೀಯ."

ಕೊಂಡಪ್ಪ ರಾಯಕೋಟೆಯಲ್ಲಿ ದರ್ಜಿ. ಮನೆಯ ಜಗುಲಿಯ ಮೇಲೆ ಅವನ ಮಿಷನ್ನು. ಎರಡನೇ ಮಹಾಯುದ್ಧದ ಕಾಲ, ಹೊಸ ಬಟ್ಟೆ ಕಣ್ಣಿಗೆ ಕಾಣುತ್ತಿರಲಿಲ್ಲ. ಜನ ಹಳೆಯದನ್ನೇ ತಂದು ಬಿಚ್ಚಿಸಿ, ತಿರುಗಿಸಿ ಹೊಲಿಸಿಕೊಳ್ಳುತ್ತಿದ್ದರು. ಕದಿರಮ್ಮ ಅವನ ಸೋದರಮಾವನ ಮಗಳು. ಮದುವೆಯಾಗಿ ನಾಲ್ಕು ವರ್ಷ. ಅವನು ಮಾತು ಕಡಿಮೆ. ಅವಳಿಗೋ ಮಾತೆಂದರೆ ಊಟದಷ್ಟೇ ಬೇಕು. ಅವನ ಅವ್ವ ತೀರಿಕೊಂಡ ಮೇಲೆ ಆ ಮನೆಯಲ್ಲಿದ್ದವರು ಅವರಿಬ್ಬರೇ, ಇಬ್ಬರ ಪಾಲಿನ ಮಾತನ್ನೂ ಅವಳೇ ಆಡುತ್ತಿದ್ದಳು.

ಚಪ್ಪಲಿ ಬಿಟ್ಟು ಬಂದು ಕೂತ.

"ನೆನ್ನೆ ಗೋವಿಂದಮ್ಮನ ಜತೆ ಬಸ್ಸಲ್ಲಿ ಕೃಷ್ಣಗಿರಿಗೆ ಹೋಗಿದ್ದೆ," ಎಂದಳು. ಗೋವಿಂದಮ್ಮ ಪಕ್ಕದ ಮನೆಯವಳು. "ಮಲಗಿದ್ರೆ ಉಸ್ರು ಕಟ್ತಾ ಇತ್ತು. ಡಾಕ್ಟ್ರಮ್ಮ ನೋಡಿದ್ರು. ಸೂಲಗಿತ್ತಿ ಕೈಲಿ ಆಗಲ್ವಂತೆ. ಹತ್ತು ದಿನ ಮುಂಚೇನೇ ಆಸ್ಪತ್ರೆ ಸೇರ್ಕೋಬೇಕಂತೆ. ಏನೇನ್ ತರ್ಬೇಕು ಅಂತ ಹೇಳ್ಕಳ್ಸವ್ರೆ, ಬರ್ಕೋ. ನಂಗೆ ಮರ್ತೋಗ್ತದೆ."

ಕಿವಿಯ ಮೇಲಿನ ಪೆನ್ಸಿಲು ತೆಗೆದು, ಅಳತೆ ಬರೆಯುವ ಪುಸ್ತಕದಲ್ಲಿ ಹೊಸ ಹಾಳೆ ತಿರುವಿದ.

"ಹಳೇ ಸೀರೆ ನಾಕು, ಬಿಸ್ನೀರಲ್ಲಿ ಒಗ್ದು ಒಣಗ್ಸಿರ್ಬೇಕು. ಹೊಟ್ಟೆ ಕಟ್ಟಕ್ಕೆ ಉದ್ದನ್ನ ಬಟ್ಟೆ. ಚಾಪೆ, ಕಂಬ್ಳಿ. ತಟ್ಟೆ, ಲೋಟ, ಚೊಂಬು. ಸೋಪು. ಹರಳೆಣ್ಣೆ. ಜತೇಗಿರೋರು ಅಲ್ಲೇ ಬೇಯಿಸ್ಕೋಬೇಕಂತೆ, ಅದ್ಕೆ ರಾಗಿಹಿಟ್ಟು, ಬೆಲ್ಲ, ಮೆಣಸು, ಬೆಳ್ಳುಳ್ಳಿ. ನಮ್ಮಕ್ಕ ರಾಮಕ್ಕ ಜತೇಗೆ ಬತ್ತಾಳೆ. ಮಗೂಗೆ ಅಂಗಿ ನಾಕು, ಕುಲಾವಿ ಮೂರು. ಆಮೇಲೆ..."

"ಆಮೇಲೆ?"

"ನೀನು."

"ನಾನಾ?"

"ಗಂಡ ಬರ್ಲೇಬೇಕಂತೆ. ಕಾಗ್ದಕ್ಕೆ ಸಹಿ ಹಾಕಕ್ಕೆ."

"ಯಾತರ ಕಾಗ್ದ?"

ಕದಿರಮ್ಮ ಸೀರೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು, ಇಲ್ಲದ ಸುಕ್ಕನ್ನು ಅಂಗೈಯಲ್ಲಿ ಸವರಿದಳು.

"ನನ್ ಗುಂಡಿಗೆ ಸರಿಯಿಲ್ವಂತೆ ಬಾವ. ಚಿಕ್ಕೋಳಿದ್ದಾಗ ಕೀಲೆಲ್ಲ ಊದಿ ಜರ ಬಂದಿತ್ತಲ್ಲ, ಆವಾಗ್ಲೇ ಕೆಟ್ಟಿದ್ದಂತೆ. ಬಸುರಾಗ್ಬಾರ್ದಿತ್ತು ಅಂದ್ರು. ಮಗು ಉಳೀಬೋದು ಅಂದ್ರು. ನನ್ ಮಾತು ಎತ್ಲಿಲ್ಲ. ನಾನೇ ಕೇಳ್ದೆ. ತಲೆ ಸವರಿ, ಗಂಡನ್ನ ಕರ್ಕೊಂಡ್ ಬಾ ಅಂದ್ರು."

ಜಗುಲಿಯಾಚೆ ಯಾರೋ ಎತ್ತು ಹೊಡೆದುಕೊಂಡು ಹೋದರು. ಕೊಂಡಪ್ಪ ಹಾಳೆಯ ಮೇಲೆ ಮತ್ತೆ ಪೆನ್ಸಿಲು ಇಟ್ಟ.

"ಕುಲಾವಿ ಎಷ್ಟು ಅಂದೆ?"

"ಮೂರು."

ಮೂರು ಎಂದು ಬರೆದ.

ಮಾರನೇ ದಿನ ಮಗುವಿನ ಅಂಗಿಗೆ ಬಟ್ಟೆ ಹುಡುಕಿದರು. ಅಂಗಡಿಯಲ್ಲಿ ಸಿಕ್ಕ ರೇಷನ್ನಿನ ಕಂಟ್ರೋಲ್ ಬಟ್ಟೆ ಗೋಣಿಯಂತಿತ್ತು. ಕೊಂಡಪ್ಪ ಪೆಟ್ಟಿಗೆಯ ತಳದಿಂದ ತನ್ನ ಮದುವೆಯ ಪಂಚೆ ತೆಗೆದ. ಹಾಲಿನ ಕೆನೆಯಂಥ ಮಲ್ಲು.

"ಅಯ್ಯೋ, ಮದುವೆ ಪಂಚೆ! ಅದಕ್ಯಾಕೆ ಕತ್ರಿ ಹಾಕ್ತೀಯ?"

"ಇನ್ನೇನು, ಇನ್ನೊಂದ್ ಮದುವೆ ಆಗ್ಬೇಕಾ ನಾನು?" ತಮಾಷೆಗೆ ಅಂದುಬಿಟ್ಟಿದ್ದ.

"ಆಗ್ಬೇಕಾಗ್ತದೆ," ಎಂದಳು ಕದಿರಮ್ಮ. ದನಿಯಲ್ಲಿ ಕೊಂಕಿರಲಿಲ್ಲ, ಅಳುವೂ ಇರಲಿಲ್ಲ. "ಕೂಸ್ನ ನೋಡ್ಕೊಳ್ಳೋರು ಬೇಕಲ್ಲ. ಮಡಗಿರು."

ಅವನು ಪಂಚೆಯನ್ನು ಮಂಡಿಯ ಮೇಲೆ ಹರಡಿ ನಟ್ಟನಡುವೆ ಕತ್ತರಿ ಇಟ್ಟ. ಅಂಚಿನಿಂದ ಅಂಚಿಗೆ, ಎಲ್ಲೂ ನಿಲ್ಲಿಸದೆ ಕತ್ತರಿಸಿದ. ಅವಳು ಮುಖ ಆ ಕಡೆ ತಿರುಗಿಸಿದಳು. ಅವಳ ಕಿವಿಯ ಹಿಂದಿನ ಕೂದಲ ಎಳೆಯೊಂದು ನಡುಗುತ್ತಿದ್ದುದನ್ನು ಅವನು ಕಂಡ.

ತುಂಡುಗಳನ್ನು ಜೋಡಿಸಿಟ್ಟು ಕೇಳಿದ, "ಈಗ ಹುಟ್ಟಿದ್ ಮಗೂ ತಲೆ ಎಷ್ಟ್ ದಪ್ಪ ಇರ್ತದೆ?"

"ನಂಗೇನ್ ಗೊತ್ತು? ಇಷ್ಟಿರ್ಬೋದು." ಎರಡು ಅಂಗೈ ಸೇರಿಸಿ ಬೊಗಸೆ ಮಾಡಿ ಗಾಳಿಯಲ್ಲೊಂದು ತಲೆ ಹಿಡಿದಳು.

ಅವನು ಕೊರಳ ಟೇಪು ತೆಗೆದು ಆ ಬೊಗಸೆಯ ಸುತ್ತ ಹಾಕಿದ. ಅವಳ ಬೆರಳು ಊದಿಕೊಂಡಿದ್ದವು, ಗೋರಂಟಿಯ ಕೆಂಪು ಉಗುರಿನ ತುದಿಗೆ ಬಂದು ನಿಂತಿತ್ತು. ಟೇಪಿನ ಎರಡು ತುದಿ ಕೂಡಿದ ಮೇಲೂ ಅವನ ಕೈ ಅಲ್ಲೇ ಉಳಿಯಿತು.

"ಎಷ್ಟಾಯ್ತು?" ಎಂದಳು, ಕಣ್ಣಲ್ಲೇ ನಗುತ್ತ.

"ಇನ್ನೂ ನೋಡ್ತಾ ಇದೀನಿ."

"ಇಷ್ಟೊತ್ತು ನೋಡಿದ್ರೆ ಮಗು ದೊಡ್ಡದಾಗೋಗ್ತದೆ ಬಾವ."

ಆ ವಾರವೆಲ್ಲ ಅವನು ಗಂಟಿಗೆ ಒಂದೊಂದು ಸೇರಿಸುವುದು, ಅವಳು ತೆಗೆಯುವುದು. ಅವಳ ಬಾಚಣಿಗೆ, ಕುಂಕುಮದ ಭರಣಿ, ಹಬ್ಬಕ್ಕೆ ಉಡುವ ಸೀರೆ.

"ನನ್ ಸಾಮಾನೇ ತುಂಬಿದ್ರೆ ಮಗೂಗೆಲ್ಲಿ ಜಾಗ?"

"ಮನೇಗೆ ಬರೋವಾಗ ಉಡಕ್ಕೆ ಬ್ಯಾಡ್ವಾ?"

ಅವಳು ಸೀರೆಯನ್ನು ಮತ್ತೆ ಪೆಟ್ಟಿಗೆಗೆ ಹಾಕುತ್ತಿದ್ದಳು. ಅವನು ಒತ್ತಾಯಿಸುತ್ತಿರಲಿಲ್ಲ. ಇಬ್ಬರಿಗೂ ಗೊತ್ತಿದ್ದುದನ್ನು ಇಬ್ಬರೂ ಸೀರೆಯ ಹಾಗೆ ಮಡಿಸಿ ಪಕ್ಕಕ್ಕಿಡುತ್ತಿದ್ದರು.

ಹೊರಡುವ ಬೆಳಿಗ್ಗೆ ಹೊಸ್ತಿಲಲ್ಲಿ ನಿಂತು ಕದಿರಮ್ಮ ಕೇಳಿದಳು. "ಒಂದ್ ಮಾತು ಕೇಳ್ಲಾ? ನಿಜ ಹೇಳ್ಬೇಕು. ಅತ್ತೆ ಬಲವಂತಕ್ಕೆ ತಾನೆ ನನ್ನ ಕಟ್ಕೊಂಡಿದ್ದು? ರೋಗದ್ ಹುಡ್ಗಿ, ತಬ್ಲಿ, ಅಣ್ಣನ್ ಮಗಳು ಬೀದಿಪಾಲಾಗ್ಬಾರ್ದು ಅಂತ? ಮದುವೆ ಮನೇಲೇ ಹೆಂಗಸ್ರು ಆಡ್ಕೊಳ್ತಿದ್ರು. ನಂಗೆ ಬ್ಯಾಸ್ರ ಇಲ್ಲ. ಸುಮ್ನೆ ಕೇಳ್ದೆ."

ಕೊಂಡಪ್ಪ ಗಂಟಿಗೆ ಕೈ ಹಾಕಿದ.

"ಬಸ್ಸಿಗೆ ಹೊತ್ತಾಯ್ತು," ಎಂದು ಗಂಟು ಹೆಗಲಿಗೇರಿಸಿದ.

ಅವಳು ತಲೆಯಾಡಿಸಿ ಹಿಂದೆ ನಡೆದಳು. ಅವನಿಗೆ ತನ್ನ ನಾಲಿಗೆಯನ್ನೇ ಕತ್ತರಿಸಿ ಹಾಕಬೇಕೆನಿಸಿತು.

ಪೆಟ್ರೋಲು ಸಿಗದ ಕಾಲ, ಇದ್ದಿಲು ಉರಿಸಿ ಓಡಿಸುತ್ತಿದ್ದ ಬಸ್ಸು ಏರಿನಲ್ಲಿ ಸೋತಿತು. ಎಲ್ಲರೂ ಇಳಿಯಿರಿ ಎಂದ ಕಂಡಕ್ಟರು. ಕದಿರಮ್ಮನೊಬ್ಬಳು ಕೂತೇ ಇರಲೆಂದು ಕೊಂಡಪ್ಪ ಅವನ ಜೊತೆ ಜಗಳಕ್ಕೇ ನಿಂತ. ಕನ್ನಡ ಮುಗಿದು ತಮಿಳಿಗೆ ಬಂದ, ತಮಿಳು ಮುಗಿದು ತೆಲುಗಿಗೆ. ಕಂಡಕ್ಟರು ಕೈಮುಗಿದ. ಬಸ್ಸು ಬಸವನಹುಳದಂತೆ ಏರಿತು. ಕಿಟಕಿಯ ಪಕ್ಕದಲ್ಲೇ ಕೊಂಡಪ್ಪ ನಡೆದ.

"ಬಸ್ಸಿಗಿಂತ ನೀನೇ ವಾಸಿ ಬಾವ," ಎಂದಳು ಮೇಲಿನಿಂದ. "ಇಷ್ಟೊಂದ್ ಮಾತು ನಿನ್ನೊಳಗೆ ಎಲ್ಲಿತ್ತು?"

ಬೆವರು ಒರೆಸಿಕೊಂಡು ನಕ್ಕ. ಅವಳು ಕಿಟಕಿಯಿಂದ ಕೈ ಹೊರಗೆ ಚಾಚಿ ಅವನ ತಲೆಯ ಮೇಲೆ ಕೂತಿದ್ದ ಧೂಳು ತಟ್ಟಿದಳು. ಹಿಂದೆ ನಡೆದು ಬರುತ್ತಿದ್ದವರೆಲ್ಲ ನೋಡಿದರು. ನೋಡಲಿ ಎನಿಸಿತು ಅವನಿಗೆ.

ಆಸ್ಪತ್ರೆಯಲ್ಲಿ ಗುಮಾಸ್ತ, ತಾಯಿಯ ಜೀವಕ್ಕೆ ಏನಾದರೂ ಆಸ್ಪತ್ರೆ ಹೊಣೆಯಲ್ಲ ಎಂಬ ಆ ಕಾಗದವನ್ನು ತಮಿಳಿನಲ್ಲಿ ಓದಿ ಹೇಳಿದ. ಕೊಂಡಪ್ಪನಿಗೆ ಒಂದೊಂದು ಮಾತೂ ತಿಳಿಯಿತು. ಆ ಭಾಷೆ ಬಾರದಿದ್ದರೆ ಚೆನ್ನಾಗಿತ್ತು ಎಂದುಕೊಂಡು ಸಹಿ ಹಾಕಿದ.

ಗಂಡಸರಿಗೆ ಸಂಜೆ ನಾಲ್ಕರಿಂದ ಐದರವರೆಗೆ ಮಾತ್ರ ವಾರ್ಡಿನೊಳಗೆ ಬಿಡುತ್ತಿದ್ದರು. ಉಳಿದ ಹೊತ್ತು ಅವನು ಹೊರಗೆ ಬೇವಿನ ಮರದಡಿ ಕೂರುತ್ತಿದ್ದ. ರಾಮಕ್ಕ ಮೂರು ಕಲ್ಲು ಹೂಡಿ ಗಂಜಿ ಬೇಯಿಸಿ ತಂಗಿಗೆ ಒಯ್ಯುತ್ತಿದ್ದಳು. ಅವನು ಸೂಜಿ ಹಿಡಿದು, ಉಳಿದ ತುಂಡುಗಳಲ್ಲಿ ಬೇರೆಯವರ ಮಕ್ಕಳಿಗೂ ಕುಲಾವಿ ಹೊಲಿದ.

ಒಂಬತ್ತನೆಯ ದಿನ ಬೆಳಿಗ್ಗೆ ಹೆಣ್ಣು ಮಗು ಹುಟ್ಟಿತು. ಕದಿರಮ್ಮ ಹೆರಿಗೆ ದಾಟಿದ್ದಳು. ನಾಲ್ಕು ಗಂಟೆಗೆ ಅವನು ಒಳಗೆ ಓಡಿದಾಗ ದಿಂಬುಗಳಿಗೆ ಒರಗಿ ಕೂತಿದ್ದಳು, ಮಗು ಪಕ್ಕದಲ್ಲಿ. ಕುಲಾವಿ ಮಗುವಿನ ಮೂಗಿನವರೆಗೂ ಇಳಿದಿತ್ತು.

"ಎಂಥಾ ಟೈಲರ್ರೋ!" ಎಂದಳು ಉಸಿರು ಎಳೆದೆಳೆದು. "ನೋಡು, ನಿನ್ ಮಗಳಿಗೆ ಕಣ್ಣೇ ಕಾಣ್ತಿಲ್ಲ."

ಅವನು ಅತ್ತುಬಿಟ್ಟ. ನರ್ಸಮ್ಮ ನಕ್ಕಳು. ಗಂಡ ಹೆಂಡತಿ ಇಬ್ಬರೂ ಆ ಒಂದು ಗಂಟೆ, ಆ ಕಾಗದ ಯಾರದೋ ಇರಬೇಕು ಎಂಬಂತೆ ಇದ್ದರು.

ಹೆರಿಗೆಯಾದ ಮೂರನೆಯ ದಿನಕ್ಕೆ ಅವಳ ತುಟಿ ನೀಲಿಯಾಯಿತು. ಕಾಲಿನ ಊತ ತೊಡೆಗೆ ಏರಿತು. ನಾಲ್ಕನೆಯ ದಿನ ಡಾಕ್ಟರಮ್ಮ ತಾವೇ ಮರದಡಿಗೆ ಬಂದರು. "ಗುಂಡಿಗೆ ಸೋತಿದೆಯಪ್ಪ. ನಮ್ಮ ಕೈಲಿ ಇರೋದೆಲ್ಲ ಮಾಡ್ತಿದ್ದೀವಿ," ಎಂದರು. ಅವರ ಕಣ್ಣು ಕೆಂಪಾಗಿತ್ತು. ಅವನು ಎದ್ದು ಕೈಮುಗಿದ.

ಐದನೆಯ ದಿನ ನಾಲ್ಕು ಗಂಟೆಗೆ ಹೋದಾಗ ಕದಿರಮ್ಮ ಕಣ್ಣು ಮುಚ್ಚಿದ್ದಳು. ಮಂಚದ ಪಕ್ಕ ನೆಲದ ಮೇಲೆ ಕೂತು ಅವಳ ಕೈ ಹಿಡಿದ.

"ಕದಿರಿ, ನೀನು ಅವತ್ತು ಒಂದ್ ಮಾತು ಕೇಳಿದ್ದೆ."

ಅವಳು ಕಣ್ಣು ತೆರೆದಳು.

"ಅವ್ವ ಬಲವಂತ ಮಾಡ್ಲಿಲ್ಲ. ಅವ್ವಂಗೆ ಇಷ್ಟ ಇರ್ಲಿಲ್ಲ. ರೋಗದ್ ಹುಡ್ಗಿ ಬ್ಯಾಡ ಅಂತ ಮೂರ್ ದಿನ ಉಣ್ಲಿಲ್ಲ. ಕದಿರೀನೇ ಬೇಕು ಅಂತ ನಾನೇ ಹಟ ಹಿಡ್ದಿದ್ದು."

"ಸುಳ್ಳು ಹೇಳ್ಬ್ಯಾಡ. ಸಾಯೋಳಿಗೆ ಸಮಾಧಾನ ಮಾಡಕ್ಕೆ..."

"ರಾಮಕ್ಕನ ಮದುವೆಗೆ ರವಿಕೆ ಹೊಲ್ಯಕ್ಕೆ ಉದ್ದನಪಲ್ಲಿಗೆ ಬಂದಿದ್ದೆ. ಅಳತೆ ರವಿಕೆ ತಂದ್ಕೊಟ್ಟೋಳು ನೀನು. ಬಾಗ್ಲಲ್ಲಿ ನಿಂತ್ಕೊಂಡು, ಯಾರ್ಗೋ ಏನೋ ಹೇಳಿ ನಗ್ತಾ ಇದ್ದೆ. ಆ ನಗು ಕೇಳ್ತಾ ಕೇಳ್ತಾ ತೋಳಿನ ಸುತ್ತು ಹದಿಮೂರು ಇಂಚು ಬರ್ಯೋ ಕಡೆ ಹನ್ನೊಂದು ಬರ್ದೆ."

ಕದಿರಮ್ಮ ಅವನನ್ನೇ ನೋಡಿದಳು. ಆಮೇಲೆ ಅವಳ ಹೊಟ್ಟೆಯೊಳಗಿಂದ ನಗು ಎದ್ದಿತು. ನಗಲು ಉಸಿರು ಸಾಲದೆ ಕೆಮ್ಮಿದಳು.

"ಅದ್ಕೇನಾ! ಧಾರೆ ಹೊತ್ನಲ್ಲಿ ಅಕ್ಕಂಗೆ ಕೈ ಎತ್ತಕ್ಕಾಗ್ಲಿಲ್ಲ. ಎಲ್ರೂ ನಾಚ್ಕೆ ಅಂದ್ಕೊಂಡ್ರು."

"ಹ್ಞೂಂ. ನನ್ ತಪ್ಪು."

ಅವಳ ಕಣ್ಣಿಂದ ನೀರು ಇಳಿದು ಕಿವಿಯ ಕಡೆ ಹರಿಯಿತು. "ಮೊದ್ಲೇ ಹೇಳ್ಬಾರ್ದಾಗಿತ್ತಾ ಬಾವ? ನಾಕ್ ವರ್ಸ ನಾನು ಅಯ್ಯೋ ಪಾಪ ಅಂತ ಮಡೀಕಂಡಿರೋ ಹೆಂಡ್ತಿ ಅಂದ್ಕೊಂಡೇ ಬಾಳಿದ್ನಲ್ಲ."

"ಗೊತ್ತಾಗ್ತದೆ ಅಂದ್ಕೊಂಡೆ."

"ಹೇಳ್ದಿದ್ರೆ ಹೆಂಗ್ ಗೊತ್ತಾಗ್ತದೆ?" ಅವನ ಬೆರಳು ಹಿಂಡಿದಳು. ಬಲವೇ ಇರಲಿಲ್ಲ ಆ ಹಿಡಿತದಲ್ಲಿ. "ಇನ್ನೊಂದ್ ಗಂಟೆ ಐತೆ. ಹೇಳು. ನಾಕು ವರ್ಸದ್ದೂ ಹೇಳು."

ಕೊಂಡಪ್ಪ ಹೇಳಿದ. ಅವಳು ರಾಗಿ ಬೀಸುವಾಗ ತಾನು ಬೇಕೆಂದೇ ಮಿಷನ್ನು ನಿಲ್ಲಿಸಿ ಹಾಡು ಕೇಳುತ್ತಿದ್ದುದು. ಅವಳು ಅವರೆಕಾಯಿ ಸುಲಿಯುತ್ತ ನಿದ್ದೆ ಹೋದಾಗ ಉಳಿದದ್ದನ್ನು ತಾನು ಸುಲಿದಿಟ್ಟು, ನೀನೇ ಮುಗಿಸಿದ್ದು ಅಂದದ್ದು. ಅವಳು ರಾಮಕ್ಕನ ಮನೆಗೆ ಹೋದ ಎಂಟು ದಿನ ಬೀದಿಯ ಕೊನೆಯವರೆಗೂ ದಿನಾ ಎರಡು ಸಲ ಹೋಗಿ ಬಂದದ್ದು. ಸಣ್ಣ ಸಣ್ಣ ಸಂಗತಿಗಳು. ಒಂದೊಂದಕ್ಕೂ ಅವಳು "ಆಮೇಲೆ?" ಎನ್ನುತ್ತಿದ್ದಳು. ಬರಬರುತ್ತ ಅದು ಬರೀ ಹುಬ್ಬು ಎತ್ತುವುದಾಯಿತು. ಐದು ಗಂಟೆಯ ಗಂಟೆ ಹೊಡೆಯಿತು. ನರ್ಸಮ್ಮ ಬಂದು, ಅವರಿಬ್ಬರನ್ನು ನೋಡಿ, ತೆರೆಯನ್ನು ಎಳೆದು ಹೋದಳು.

"ಕೂಸಿಗೆ ನನ್ ಹೆಸ್ರು ಇಡ್ಬ್ಯಾಡ," ಎಂದಳು ಕೊನೆಗೆ. "ಕರ್ದಾಗೆಲ್ಲ ನಿಂಗೆ ಅಳು ಬತ್ತದೆ."

ಮಾರನೆಯ ಬೆಳಿಗ್ಗೆ, ಬಿಸಿಲು ವಾರ್ಡಿನ ಕಿಟಕಿಗೆ ಏರುವ ಹೊತ್ತಿಗೆ ಅವಳು ಹೋದಳು. ಗಾಡಿ ಕಟ್ಟಿಸಿ ರಾಯಕೋಟೆಗೆ ತಂದರು. ಊರಾಚೆ ಅವನ ಅವ್ವನ ಪಕ್ಕದಲ್ಲೇ ಮಣ್ಣು ಮಾಡಿದರು. ಕೊಂಡಪ್ಪ ಅವತ್ತು ಅಳಲಿಲ್ಲ. ಯಾರ ಜೊತೆಯೂ ಮಾತಾಡಲಿಲ್ಲ. ಬಾಯಿ ಕಟ್ಟಿಹೋಯಿತು ಎಂದು ಜನ ಅಂದರು.

ಹಾಲು ತುಪ್ಪ ಬಿಟ್ಟು ಬಂದ ದಿನ ಮಗು ಒಂದೇ ಸಮನೆ ಅತ್ತಿತು. ಮೇಕೆ ಹಾಲಿಗೂ ಸುಮ್ಮನಾಗಲಿಲ್ಲ, ಗೋವಿಂದಮ್ಮನ ಜೋಗುಳಕ್ಕೂ ಸುಮ್ಮನಾಗಲಿಲ್ಲ. ರಾಮಕ್ಕ ಸೋತು ಅದನ್ನು ಅವನ ತೊಡೆಗೆ ಹಾಕಿ ಒಳಗೆ ಹೋದಳು. ಅವನು ಜಗುಲಿಯ ಮೇಲೆ ಕೂತು ಮಗಳ ಮುಖ ನೋಡಿದ. ಎರಡು ಸಲ ಗಂಟಲು ಸರಿಮಾಡಿಕೊಂಡ.

"ನಿಮ್ಮವ್ವ ಇದಾಳಲ್ಲ," ಎಂದು ಶುರುಮಾಡಿ, ತಡೆದು, ಮತ್ತೆ ಹೇಳಿದ. "ನಿಮ್ಮವ್ವ ಇದ್ಲಲ್ಲ, ಅವ್ಳು ಮೊದಲ್ನೇ ಸಲ ನನ್ ಕಣ್ಣಿಗೆ ಬಿದ್ದಾಗ ನಗ್ತಾ ಇದ್ಲು..."

ಮಗುವಿಗೆ ಏನು ತಿಳಿಯಬೇಕು. ಅಳು ನಿಲ್ಲಿಸಿ ದನಿಯ ಕಡೆ ಮುಖ ಹೊರಳಿಸಿತು. ಅವನು ಹೇಳುತ್ತಲೇ ಹೋದ.